ಹ್ಯಾಡ್ಲಿ ರಿಚರ್ಡ್‌ಸನ್: ಪ್ಯಾರಿಸ್ಸಿನ ಐದು ವರ್ಷಗಳು

ಲೋಕಪ್ರಸಿದ್ಧನಾದ ಲೇಖಕನೊಬ್ಬನ ಜೀವನಚರಿತ್ರೆಯನ್ನು ಓದುವಾಗ, ಅವನು ಇನ್ನೂ ಪ್ರಸಿದ್ಧನಾಗಿಲ್ಲದಿದ್ದ ಕಾಲದ ಅಧ್ಯಾಯವನ್ನು ನಾವು ಬೇಗಬೇಗನೆ ಮುಗಿಸಿ ಮುಂದಕ್ಕೆ ಹೋಗುತ್ತೇವೆ. ಆಗ ಅವನ ಮನೆಯ ಬಾಡಿಗೆಯನ್ನು ಯಾರು ಕೊಟ್ಟರು, ಒಲೆಗೆ ಸೌದೆ ಎಲ್ಲಿಂದ ಬಂತು, ಅವನು ಬರೆದುದನ್ನು ಮೊದಲು ಓದಿ ಚೆನ್ನಾಗಿದೆಯೆಂದು ಧೈರ್ಯ ಹೇಳಿದವರು ಯಾರು, ಎಂಬ ಪ್ರಶ್ನೆಗಳು ನಮ್ಮ ಮನಸ್ಸಿಗೆ ಬರುವುದು ಅಪರೂಪ. ದೀಪದ ಬುಡದಲ್ಲಿಯೇ ಕತ್ತಲೆಯೆಂಬ ಗಾದೆ ಇಂಥ ಸಂದರ್ಭಕ್ಕೆ ಚೆನ್ನಾಗಿ ಒಪ್ಪುತ್ತದೆ.

ಅಮೆರಿಕದ ಕಾದಂಬರಿಕಾರ ಅರ್ನೆಸ್ಟ್ ಹೆಮಿಂಗ್‌ವೇಯ ಹೆಸರನ್ನು ನಮ್ಮ ವಿದ್ಯಾವಂತರಲ್ಲಿ ಕೇಳದವರು ವಿರಳ. ೧೯೫೪ರಲ್ಲಿ ಅವನಿಗೆ ನೊಬೆಲ್ ಪಾರಿತೋಷಕ ದೊರೆಯಿತು. ಅವನು ನಾಲ್ಕು ಬಾರಿ ವಿವಾಹವಾದನು. ಮೊದಲನೆಯ ಪತ್ನಿ ಹ್ಯಾಡ್ಲಿ ರಿಚರ್ಡ್‌ಸನ್. ಆಕೆಯ ಹೆಸರು ಕೇಳಿದವರಿಗೆ ಸಾಮಾನ್ಯವಾಗಿ ಎರಡು ಸಂಗತಿಗಳು ಮಾತ್ರ ನೆನಪಾಗುತ್ತವೆ. ಗಂಡನ ಹಸ್ತಪ್ರತಿಗಳನ್ನು ರೈಲುನಿಲ್ದಾಣದಲ್ಲಿ ಕಳೆದುಕೊಂಡವಳು ಎಂಬುದು ಒಂದು. ಗಂಡನು ಕೀರ್ತಿಯ ಹೊಸ್ತಿಲನ್ನು ತುಳಿದ ಹೊತ್ತಿನಲ್ಲಿ ಅವನಿಂದ ತ್ಯಕ್ತಳಾದವಳು ಎಂಬುದು ಇನ್ನೊಂದು. ಎರಡೂ ಸಂಗತಿಗಳು ನಿಜವೇ. ಆದರೆ ಇವೆರಡರಿಂದಲೇ ಆಕೆಯನ್ನು ಅಳೆದರೆ ಲೆಕ್ಕದ ಪುಸ್ತಕದಲ್ಲಿ ಖರ್ಚಿನ ಪುಟವನ್ನು ಮಾತ್ರ ಓದಿ ಜಮೆಯ ಪುಟವನ್ನು ಬಿಟ್ಟಂತಾಗುತ್ತದೆ. ಆ ಬಿಟ್ಟುಹೋದ ಪುಟವನ್ನು ತೆರೆದು ನೋಡುವುದೇ ಈ ಭಾಷಣದ ಉದ್ದೇಶ.

ಎಲಿಜಬೆತ್ ಹ್ಯಾಡ್ಲಿ ರಿಚರ್ಡ್‌ಸನ್ ಹುಟ್ಟಿದ್ದು ೧೮೯೧ರ ನವೆಂಬರ್ ೯ರಂದು, ಅಮೆರಿಕದ ಮಿಸೂರಿ ಪ್ರಾಂತದ ಸೇಂಟ್ ಲೂಯಿ ನಗರದಲ್ಲಿ. ಆಕೆ ಮನೆಯ ಕೊನೆಯ ಮಗಳು. ತಂದೆಯದು ಔಷಧಿ ತಯಾರಿಸಿ ಮಾರುವ ಮನೆತನದ ವ್ಯಾಪಾರ. ತಾಯಿ ಸಂಗೀತವನ್ನು ಕ್ರಮವಾಗಿ ಅಭ್ಯಾಸ ಮಾಡಿದ್ದವಳು. ಚಿಕ್ಕಂದಿನಲ್ಲಿ ಹ್ಯಾಡ್ಲಿ ಮಹಡಿಯ ಕಿಟಕಿಯಿಂದ ಕೆಳಗೆ ಬಿದ್ದು ಬಹುಕಾಲ ಹಾಸಿಗೆ ಹಿಡಿದಳು. ಅಂದಿನಿಂದ ಮನೆಯವರು ಆಕೆಯನ್ನು ದುರ್ಬಲಳೆಂದೇ ಎಣಿಸಿ, ಈಜಬೇಡ, ಓಡಬೇಡ, ಆಯಾಸ ಪಡಬೇಡ ಎಂದು ಕಟ್ಟುಪಾಡಿನಲ್ಲಿ ಬೆಳೆಸಿದರು. ಆಕೆಯಿನ್ನೂ ಬಾಲಕಿಯಾಗಿರುವಾಗಲೇ ತಂದೆ ಹಣಕಾಸಿನ ಕಷ್ಟಕ್ಕೆ ಸಿಕ್ಕಿ ಆತ್ಮಹತ್ಯೆ ಮಾಡಿಕೊಂಡನು. ೧೯೧೧ರಲ್ಲಿ ಬ್ರಿನ್ ಮಾರ್ ಎಂಬ ಪ್ರಸಿದ್ಧ ಮಹಿಳಾ ಕಾಲೇಜಿಗೆ ಸೇರಿದಳು. ಒಂದು ವರ್ಷ ಕಳೆಯುವುದರೊಳಗೆ ಅಕ್ಕನೊಬ್ಬಳು ಬೆಂಕಿಯ ಅಪಘಾತದಲ್ಲಿ ತೀರಿಕೊಂಡದ್ದರಿಂದ ಕಾಲೇಜನ್ನು ಬಿಟ್ಟು ಮನೆಗೆ ಹಿಂದಿರುಗಿದಳು. ಮುಂದಿನ ಎಂಟು ವರ್ಷಗಳು ಪಿಯಾನೋ ವಾದ್ಯದೊಡನೆಯೂ, ಕೊನೆಗೆ ತಾಯಿಯ ಶುಶ್ರೂಷೆಯಲ್ಲಿಯೂ ಕಳೆದುವು. ೧೯೨೦ರಲ್ಲಿ ತಾಯಿ ತೀರಿಕೊಂಡಳು. ಆಗ ಹ್ಯಾಡ್ಲಿಗೆ ೨೮ ವರ್ಷ. ಅಂದಿನ ಸಮಾಜದ ಎಣಿಕೆಯಲ್ಲಿ ಆಕೆಯ ವಿವಾಹದ ವಯಸ್ಸು ಮೀರಿಹೋಗಿತ್ತು.

ಆ ವರ್ಷದ ಶರತ್ಕಾಲದಲ್ಲಿ ಶಾಲೆಯ ಗೆಳತಿ ಕೇಟ್ ಸ್ಮಿತ್ ಎಂಬಾಕೆಯ ಆಹ್ವಾನದ ಮೇಲೆ ಹ್ಯಾಡ್ಲಿ ಚಿಕಾಗೋ ನಗರಕ್ಕೆ ಹೋದಳು. ಅಲ್ಲಿ ಗೆಳತಿಯ ಅಣ್ಣನ ಮನೆಯಲ್ಲಿ ಹೆಮಿಂಗ್‌ವೇಯ ಪರಿಚಯವಾಯಿತು. ಅವನಿಗೆ ಆಗ ೨೧ ವರ್ಷ. ಇಟಲಿಯ ರಣರಂಗದಲ್ಲಿ ಗಾಯಗೊಂಡು ಹಿಂದಿರುಗಿದ್ದ ತರುಣ. ಕತೆಗಾರನಾಗಬೇಕೆಂಬ ಹಟವೊಂದನ್ನು ಬಿಟ್ಟರೆ ಅವನ ಕೈಯಲ್ಲಿ ಬೇರೇನೂ ಇರಲಿಲ್ಲ. ಹೆಣ್ಣು ಗಂಡಿಗಿಂತ ಸುಮಾರು ಎಂಟು ವರ್ಷ ಹಿರಿಯಳು. ಆದರೂ ಪತ್ರವ್ಯವಹಾರ ಬೆಳೆಯಿತು. ತಿಂಗಳುಗಟ್ಟಲೆ ಕಾಗದಗಳು ಹೋಗಿಬಂದುವು. ಆ ತರುಣನಲ್ಲಿರುವ ಶಕ್ತಿಯನ್ನು ಲೋಕ ಗುರುತಿಸುವ ಮೊದಲೇ ಹ್ಯಾಡ್ಲಿ ಗುರುತಿಸಿದಳು. ಅವನ ೨೨ನೆಯ ಹುಟ್ಟುಹಬ್ಬಕ್ಕೆ ಆಕೆ ಕೊಟ್ಟ ಉಡುಗೊರೆ ಒಂದು ಕರೋನಾ ಟೈಪ್‌ರೈಟರು. ೧೯೨೧ರ ಸೆಪ್ಟೆಂಬರ್ ೩ರಂದು ಮಿಷಿಗನ್ ಪ್ರಾಂತದ ಹಾರ್ಟನ್ ಬೇ ಎಂಬ ಪುಟ್ಟ ಊರಿನಲ್ಲಿ ವಿವಾಹವಾಯಿತು. ಅದೇ ಡಿಸೆಂಬರಿನಲ್ಲಿ ದಂಪತಿಗಳು ಹಡಗನ್ನೇರಿ ಫ್ರಾನ್ಸಿಗೆ ಹೊರಟರು.

ಪ್ಯಾರಿಸ್ಸಿಗೇ ಏಕೆ ಹೋಗಬೇಕಾಗಿತ್ತು? ಮೊದಲು ಅವರು ಎಣಿಸಿದ್ದು ಇಟಲಿಯನ್ನು. ಹಿರಿಯ ಲೇಖಕ ಷೆರ್ವುಡ್ ಆಂಡರ್ಸನ್, ಬರೆವಣಿಗೆ ಕಲಿಯುವವನಿಗೆ ಪ್ಯಾರಿಸ್ಸೇ ತಕ್ಕ ಊರೆಂದು ಬುದ್ಧಿ ಹೇಳಿ, ಅಲ್ಲಿಯ ಸಾಹಿತಿಗಳಿಗೆ ಪರಿಚಯಪತ್ರಗಳನ್ನು ಬರೆದುಕೊಟ್ಟನು. ಇದು ಸಾಹಿತ್ಯದ ಕಾರಣ. ಇದಕ್ಕಿಂತ ಬಲವಾದ ಇನ್ನೊಂದು ಕಾರಣವುಂಟು. ಅದು ಹಣದ ವಿನಿಮಯಕ್ಕೆ ಸಂಬಂಧಪಟ್ಟದ್ದು. ಮೊದಲನೆಯ ಮಹಾಯುದ್ಧಕ್ಕೆ ಮುಂಚೆ ಒಂದು ಡಾಲರಿಗೆ ಐದು ಫ್ರಾಂಕುಗಳಿಗಿಂತ ಸ್ವಲ್ಪ ಹೆಚ್ಚು ದೊರೆಯುತ್ತಿತ್ತು. ಯುದ್ಧದಿಂದ ಫ್ರಾನ್ಸ್ ಸಾಲದಲ್ಲಿ ಮುಳುಗಿತು. ೧೯೨೨ರ ವೇಳೆಗೆ ಒಂದು ಡಾಲರಿಗೆ ಸುಮಾರು ೧೨ ಫ್ರಾಂಕು ಬರತೊಡಗಿತು. ೧೯೨೬ರ ಜುಲೈ ತಿಂಗಳಲ್ಲಿ ಅದು ೪೦ನ್ನೂ ಮೀರಿತು. ಎಂದರೆ ತಮ್ಮ ಊರಿನಲ್ಲಿ ಬಡವರೆನಿಸಿಕೊಳ್ಳುವವರು ಪ್ಯಾರಿಸ್ಸಿನಲ್ಲಿ ಅನುಕೂಲಸ್ಥರಾಗಿ ಬಾಳಬಹುದಾಗಿತ್ತು. ಇದರ ಜೊತೆಗೆ ೧೯೨೦ರಿಂದ ಅಮೆರಿಕದಲ್ಲಿ ಪಾನನಿರೋಧದ ಕಾನೂನು ಜಾರಿಗೆ ಬಂದಿತ್ತು; ಅಲ್ಲಿಯ ಪ್ರಕಾಶಕರೂ ಅಧಿಕಾರಿಗಳೂ ಗ್ರಂಥಗಳ ನೀತಿಯ ವಿಷಯದಲ್ಲಿ ಬಿಗಿಯಾಗಿದ್ದರು. ಹೀಗಾಗಿ ಕವಿಗಳೂ ಚಿತ್ರಕಾರರೂ ಪತ್ರಿಕೋದ್ಯೋಗಿಗಳೂ ಕೇವಲ ವಿಲಾಸಿಗಳೂ ಸಾಗರವನ್ನು ದಾಟಿ ಬಂದು ಸೇನ್ ನದಿಯ ಎಡದಂಡೆಯಲ್ಲಿ ನೆಲಸಿದರು. ಸ್ವಂತ ಇಚ್ಛೆಯಿಂದ ದೇಶವನ್ನು ಬಿಟ್ಟು ಬಂದ ಇವರನ್ನು ಪರದೇಶವಾಸಿಗಳೆಂದು ಕರೆಯೋಣ.

ಈಗ ಮುಖ್ಯವಾದ ಪ್ರಶ್ನೆ: ಈ ದಂಪತಿಗಳ ಡಾಲರುಗಳು ಯಾರವು? ಹೆಮಿಂಗ್‌ವೇ ಟೊರಾಂಟೋ ನಗರದ 'ಸ್ಟಾರ್' ಪತ್ರಿಕೆಗೆ ಲೇಖನಗಳನ್ನು ಕಳುಹಿಸಿ ಸಂಪಾದಿಸುತ್ತಿದ್ದನು. ಆದರೆ ಅದು ನಿಶ್ಚಿತವಾದ ಆದಾಯವಾಗಿರಲಿಲ್ಲ. ನಿಶ್ಚಿತವಾಗಿ ಬರುತ್ತಿದ್ದುದು ಹ್ಯಾಡ್ಲಿಯ ಹೆಸರಿನಲ್ಲಿ ಹಿರಿಯರು ಇಟ್ಟಿದ್ದ ನಿಧಿಯ ಬಡ್ಡಿ, ವರ್ಷಕ್ಕೆ ಸುಮಾರು ೩೦೦೦ ಡಾಲರು. ಅಂದಿನ ವಿನಿಮಯದಲ್ಲಿ ಅದು ೩೬,೦೦೦ ಫ್ರಾಂಕುಗಳಷ್ಟಾಗುತ್ತದೆ. ಹೆಮಿಂಗ್‌ವೇ ಬರೆದು ಹರಿದುಹಾಕಿ ಮತ್ತೆ ಬರೆಯುವುದಕ್ಕೆ ಬೇಕಾದ ವಿರಾಮವನ್ನು ಕೊಂಡುಕೊಟ್ಟದ್ದು ಈ ಹಣ. ಆಧುನಿಕ ಆಂಗ್ಲ ಗದ್ಯಕ್ಕೆ ಅವನು ತಂದ ಆ ಬಿಗಿ, ಆ ಮಿತವಾದ ಮಾತು, ಒಂದು ದಿನದಲ್ಲಿ ಬಂದುದಲ್ಲ. ಅಂಥ ಸಾಧನೆಗೆ ಕಾಲ ಬೇಕು, ಕಾಲಕ್ಕೆ ಬೆಲೆಯುಂಟು, ಆ ಬೆಲೆಯನ್ನು ತೆತ್ತವಳು ಹ್ಯಾಡ್ಲಿ.

೧೯೨೨ರ ಜನವರಿಯಲ್ಲಿ ಅವರು ಕಾರ್ಡಿನಲ್ ಲೆಮ್ವಾನ್ ಬೀದಿಯ ೭೪ನೆಯ ನಂಬರಿನ ಕಟ್ಟಡದಲ್ಲಿ ಮಹಡಿಯ ಮೇಲೊಂದು ಸಣ್ಣ ಮನೆಯನ್ನು ಹಿಡಿದರು. ಬಿಸಿನೀರಿನ ಕೊಳಾಯಿ ಇಲ್ಲ. ಶೌಚಕ್ಕೆ ಮೆಟ್ಟಿಲ ಬಳಿಯ ಏರ್ಪಾಡೇ ಗತಿ. ಕೆಳಗೆ ಕಾರ್ಮಿಕರ ನೃತ್ಯಶಾಲೆ, ರಾತ್ರಿಯೆಲ್ಲ ಅಕಾರ್ಡಿಯನ್ ವಾದ್ಯದ ಗದ್ದಲ. ಸೇಂಟ್ ಲೂಯಿಯ ಅನುಕೂಲವಾದ ಮನೆಯಲ್ಲಿ ಬೆಳೆದ ಹೆಣ್ಣಿಗೆ ಇದು ಸಣ್ಣ ಪರೀಕ್ಷೆಯಲ್ಲ. ಹೆಮಿಂಗ್‌ವೇ ಮುಂದೆ ಈ ದಿನಗಳನ್ನು ಕಡುಬಡತನದ ದಿನಗಳೆಂದು ಚಿತ್ರಿಸಿದ್ದಾನೆ. ಈ ಚಿತ್ರವನ್ನು ಸ್ವಲ್ಪ ತಿದ್ದಿ ನೋಡಬೇಕು. ಮನೆಗೆಲಸಕ್ಕೂ ಅಡಿಗೆಗೂ ಒಬ್ಬ ಫ್ರೆಂಚ್ ಹೆಂಗಸು ಬರುತ್ತಿದ್ದಳು. ಬರೆವಣಿಗೆಗೆಂದು ಹೆಮಿಂಗ್‌ವೇ ಬೇರೊಂದು ಕೊಠಡಿಯನ್ನು ಬಾಡಿಗೆಗೆ ಹಿಡಿದಿದ್ದನು. ಸ್ವಿಟ್ಸರ್‌ಲೆಂಡಿನ ಹಿಮದ ಮೇಲೆ ಜಾರುವ ಆಟಕ್ಕೂ, ಕುದುರೆಯ ಪಂದ್ಯಕ್ಕೂ, ಸ್ಪೇಯ್ನಿನ ಪ್ರವಾಸಕ್ಕೂ ಹಣವಿರುತ್ತಿತ್ತು. ಹಣ ಕಡಿಮೆಯಾದಾಗ ಮೊದಲು ನಿಲ್ಲುತ್ತಿದ್ದುದು ಹ್ಯಾಡ್ಲಿಯ ಉಡುಪಿನ ಖರ್ಚು. ಉಡುಪಿನ ಬೆಡಗಿಗೆ ಜಗತ್ತಿನ ರಾಜಧಾನಿಯೆನಿಸಿದ್ದ ಪ್ಯಾರಿಸ್ಸಿನಲ್ಲಿ ಆಕೆ ಹಳೆಯ ಬಟ್ಟೆಗಳಲ್ಲಿಯೇ ಓಡಾಡಿದಳು. ಪರಿಚಿತರಾದ ಹೆಂಗಸರು ಅದನ್ನು ಗಮನಿಸಿ ಆಡಿಕೊಂಡದ್ದೂ ಉಂಟು.

ಹಾಗೆಂದಮಾತ್ರಕ್ಕೆ ಆಕೆ ಅಲ್ಲಿ ದುಃಖದಲ್ಲಿದ್ದಳೆಂದು ತಿಳಿಯಬಾರದು. ವಸ್ತುತಃ ಇದು ಆಕೆಯ ಬಿಡುಗಡೆಯ ಕಾಲ. ದುರ್ಬಲಳೆಂದು ಮನೆಯವರು ಮುಚ್ಚಿಟ್ಟು ಬೆಳೆಸಿದ್ದ ಹೆಣ್ಣು ಆಲ್ಪ್ಸ್ ಪರ್ವತದ ಹಿಮವನ್ನು ತುಳಿದು ಸೇಂಟ್ ಬರ್ನಾರ್ಡ್ ಕಣಿವೆಯನ್ನು ಕಾಲ್ನಡಿಗೆಯಲ್ಲಿ ದಾಟಿದಳು. ಹಿಮದ ಮೇಲೆ ಜಾರುವುದನ್ನು ಕಲಿತಳು. ಬಾಡಿಗೆಗೆ ತಂದ ಪಿಯಾನೋವನ್ನು ಮನೆಯಲ್ಲಿಟ್ಟು ಸಾಧನೆ ಮಾಡಿದಳು. ಸಿಲ್ವಿಯಾ ಬೀಚ್ ಎಂಬ ಅಮೆರಿಕನ್ ಮಹಿಳೆ ನಡೆಸುತ್ತಿದ್ದ 'ಷೇಕ್ಸ್‌ಪಿಯರ್ ಅಂಡ್ ಕಂಪನಿ' ಎಂಬ ಪುಸ್ತಕದಂಗಡಿಯಿಂದ ಗ್ರಂಥಗಳನ್ನು ಎರವಲು ತಂದು ಓದಿದಳು. ಎಜ್ರಾ ಪೌಂಡ್, ಜೇಮ್ಸ್ ಜಾಯ್ಸ್ ಮೊದಲಾದವರ ಪರಿಚಯವೂ ದೊರೆಯಿತು. ತನ್ನ ದೇಹದಲ್ಲಿಯೂ ಮನಸ್ಸಿನಲ್ಲಿಯೂ ಇಷ್ಟೊಂದು ಚೈತನ್ಯವಿದೆಯೆಂಬುದನ್ನು ಆಕೆ ಮೊದಲು ಕಂಡುಕೊಂಡದ್ದು ಈ ಪರದೇಶದಲ್ಲಿ. ಅದಕ್ಕಾಗಿ ಗಂಡನಿಗೆ ಕೃತಜ್ಞಳಾಗಿದ್ದೇನೆಂದು ವೃದ್ಧಾಪ್ಯದಲ್ಲಿಯೂ ಹೇಳುತ್ತಿದ್ದಳು.

ಆದರೆ ಪರದೇಶವಾಸಿಗಳ ಆ ಸಮಾಜದಲ್ಲಿ ಹೆಂಡತಿಯಾದವಳಿಗೆ ಸಲ್ಲುತ್ತಿದ್ದ ಸ್ಥಾನ ಯಾವುದೆಂಬುದನ್ನು ಒಂದು ನಿದರ್ಶನದಿಂದ ತಿಳಿಯಬಹುದು. ಫ್ಲೂರಸ್ ಬೀದಿಯ ೨೭ನೆಯ ನಂಬರಿನ ಮನೆಯಲ್ಲಿ ಗರ್ಟ್ರೂಡ್ ಸ್ಟೈನ್ ಎಂಬ ಲೇಖಕಿಯ ಸಭೆ ಸೇರುತ್ತಿತ್ತು. ಗೋಡೆಗಳ ಮೇಲೆ ಪಿಕಾಸೋ, ಸೆಜಾನ್ ಮೊದಲಾದವರ ಚಿತ್ರಗಳು. ಲೇಖಕರೂ ಕಲಾವಿದರೂ ಸ್ಟೈನಳ ಸುತ್ತ ಕುಳಿತು ಕಲೆಯ ವಿಚಾರವಾಗಿ ಮಾತನಾಡುವರು. ಅವರ ಹೆಂಡತಿಯರನ್ನು ಸ್ಟೈನಳ ಸಂಗಾತಿ ಆಲಿಸ್ ಟೋಕ್ಲಾಸ್ ಕೋಣೆಯ ಇನ್ನೊಂದು ಮೂಲೆಗೆ ಕರೆದೊಯ್ದು ಉಪಚರಿಸುವಳು. ಈ ಪದ್ಧತಿಯನ್ನು ಸ್ಟೈನಳೇ ೧೯೩೩ರ ತನ್ನ ಗ್ರಂಥದಲ್ಲಿ ವಿನೋದವಾಗಿ ಬರೆದಿದ್ದಾಳೆ. ಆ ಮನೆಯ ಒಡತಿಯೇ ಒಬ್ಬ ಹೆಣ್ಣು, ಲೇಖಕಿ. ಅಲ್ಲಿಯೂ ಹೆಂಡತಿಯರ ಮೂಲೆ ಬೇರೆ! ಹಳೆಯ ಕಟ್ಟಳೆಗಳನ್ನೆಲ್ಲ ಮುರಿದೆವೆಂದು ಹೆಮ್ಮೆಪಡುತ್ತಿದ್ದ ಆ ಮಂಡಲಿ ಇದೊಂದು ಕಟ್ಟಳೆಯನ್ನು ಮಾತ್ರ ಜೋಪಾನವಾಗಿ ಕಾಪಾಡಿಕೊಂಡಿತ್ತು.

ಇದರ ಜೊತೆಗೆ ಏಕಾಂತದ ಕಷ್ಟವೊಂದು. ಬೆಳಗ್ಗೆ ಹೆಮಿಂಗ್‌ವೇ ಬರೆಯಲು ಹೊರಟುಹೋಗುವನು. ಪತ್ರಿಕೆಯ ಕೆಲಸಕ್ಕಾಗಿ ದೂರ ಪ್ರಯಾಣವೂ ಬರುವುದು. ೧೯೨೨ರ ಏಪ್ರಿಲಿನಲ್ಲಿ ಜಿನೋವಾ ಸಮ್ಮೇಳನ; ಸೆಪ್ಟೆಂಬರಿನಲ್ಲಿ ಗ್ರೀಕರಿಗೂ ತುರ್ಕರಿಗೂ ನಡೆದ ಯುದ್ಧದ ವರದಿಗಾಗಿ ಕಾನ್‌ಸ್ಟಾಂಟಿನೋಪಲ್. ಈ ಎರಡನೆಯ ಪ್ರಯಾಣ ಬೇಡವೆಂದು ಹ್ಯಾಡ್ಲಿ ಹಟ ಹಿಡಿದಳು. ದಂಪತಿಗಳಲ್ಲಿ ಮಾತೇ ನಿಂತುಹೋಯಿತು. ಆದರೂ ಅವನು ಹೊರಟನು. ನವೆಂಬರಿನಲ್ಲಿ ಲೋಸಾನ್ ನಗರದ ಶಾಂತಿಸಮ್ಮೇಳನಕ್ಕೆ ಮತ್ತೊಮ್ಮೆ ಹೋದನು. ನೆಗಡಿಯಿಂದ ಹಾಸಿಗೆ ಹಿಡಿದಿದ್ದ ಹ್ಯಾಡ್ಲಿ ಗುಣವಾದ ಮೇಲೆ ಬರುವುದೆಂದು ಗೊತ್ತಾಯಿತು.

ಆಕೆಯ ಹೆಸರಿಗೆ ಅಂಟಿಕೊಂಡಿರುವ ಆ ದುರ್ಘಟನೆ ನಡೆದದ್ದು ಈ ಪ್ರಯಾಣದಲ್ಲಿ. ಲೋಸಾನಿನಲ್ಲಿ ಪ್ರಸಿದ್ಧ ಪತ್ರಿಕೋದ್ಯೋಗಿ ಲಿಂಕನ್ ಸ್ಟೆಫೆನ್ಸ್ ಹೆಮಿಂಗ್‌ವೇಯ ಬರೆವಣಿಗೆಯನ್ನು ಮೆಚ್ಚಿಕೊಂಡಿದ್ದನು. ರಜೆಯ ದಿನಗಳಲ್ಲಿ ಗಂಡನು ಕೆಲಸ ಮಾಡಲು ಅನುಕೂಲವಾಗಲೆಂದು ಹ್ಯಾಡ್ಲಿ, ಅವನು ಹೇಳದಿದ್ದರೂ ತಾನಾಗಿಯೇ, ಮನೆಯಲ್ಲಿದ್ದ ಕತೆಗಳನ್ನೂ ಕಾದಂಬರಿಯ ಆರಂಭವನ್ನೂ ಒಂದು ಕೈಪೆಟ್ಟಿಗೆಯಲ್ಲಿ ತುಂಬಿದಳು. ಮೂಲಪ್ರತಿಗಳ ಜೊತೆಗೆ ಕಾರ್ಬನ್ ಪ್ರತಿಗಳನ್ನೂ ಇಟ್ಟಳು. ಪ್ಯಾರಿಸ್ಸಿನ ಗಾರ್ ದ ಲಿಯೋನ್ ನಿಲ್ದಾಣದಲ್ಲಿ ಸ್ವಲ್ಪ ಹೊತ್ತು ಆಕೆಯ ಕಣ್ಣು ತಪ್ಪಿದಾಗ ಪೆಟ್ಟಿಗೆ ಮಾಯವಾಯಿತು. ಅದು ಮತ್ತೆ ಸಿಕ್ಕಲೇ ಇಲ್ಲ. ಲೋಸಾನಿನಲ್ಲಿ ಇಳಿದಾಗ ಅಳುವಿನಿಂದ ಆಕೆಗೆ ಬಾಯಿ ಬಿಟ್ಟು ಸಂಗತಿಯನ್ನು ಹೇಳುವುದೇ ಕಷ್ಟವಾಯಿತೆಂದು ಹೆಮಿಂಗ್‌ವೇಯೇ ಬರೆದಿದ್ದಾನೆ.

ನಷ್ಟ ದೊಡ್ಡದೆಂಬುದರಲ್ಲಿ ಸಂದೇಹವಿಲ್ಲ. ಆದರೆ ಎರಡು ವಿಷಯಗಳನ್ನು ಗಮನಿಸಬೇಕು. ಹಸ್ತಪ್ರತಿಗಳು ಹೋದದ್ದು ಅಸಡ್ಡೆಯಿಂದಲ್ಲ. ಅವನ ಕೆಲಸಕ್ಕೆ ಆಕೆ ಕೊಟ್ಟಿದ್ದ ಬೆಲೆಯೇ ಅವುಗಳನ್ನು ಮನೆಯಿಂದ ಹೊರಕ್ಕೆ ತಂದಿತ್ತು. ಎರಡನೆಯದು ಆಮೇಲೆ ನಡೆದ ಸಂಗತಿ. ಒಂದು ಕತೆ ಮನೆಯ ಬೇರೊಂದು ಕಡೆ ಉಳಿದಿತ್ತು. ಇನ್ನೊಂದು ಸಂಪಾದಕನ ಬಳಿ ಇತ್ತು. ಈ ಎರಡಕ್ಕೆ ೧೯೨೩ರಲ್ಲಿ ಹೊಸದಾಗಿ ಬರೆದ ಮೂರನೆಯ ಕತೆ ಸೇರಿತು. ಅವುಗಳ ಜೊತೆಗೆ ಹತ್ತು ಕವಿತೆಗಳನ್ನು ಕೂಡಿಸಿ ಅದೇ ವರ್ಷ ಪ್ಯಾರಿಸ್ಸಿನಲ್ಲಿ ೩೦೦ ಪ್ರತಿಗಳ ಪುಟ್ಟ ಪುಸ್ತಕವೊಂದು ಪ್ರಕಟವಾಯಿತು. ಅದು ಹೆಮಿಂಗ್‌ವೇಯ ಮೊದಲನೆಯ ಗ್ರಂಥ. ಪೆಟ್ಟಿಗೆ ಕಳೆದುಹೋದ ಒಂದು ವರ್ಷದೊಳಗೆ ಹೊರಬಂದ ಆ ಗ್ರಂಥ ಹ್ಯಾಡ್ಲಿಗೇ ಅರ್ಪಿತವಾಗಿದೆ. ಹಳೆಯ ಕತೆಗಳು ಹೋದದ್ದರಿಂದ ಹೆಮಿಂಗ್‌ವೇ ಹೊಸ ದಾರಿಯನ್ನು ಹಿಡಿಯುವಂತಾಯಿತೆಂದು ಅಭಿಪ್ರಾಯಪಡುವ ವಿಮರ್ಶಕರೂ ಇದ್ದಾರೆ. ಅದು ಹಾಗಿರಲಿ, ಆ ಪೆಟ್ಟಿಗೆಯ ಅಪರಾಧಭಾವವನ್ನು ಹ್ಯಾಡ್ಲಿ ಬಹುಕಾಲ ಹೊತ್ತಳೆಂಬುದು ನಿಶ್ಚಯ.

೧೯೨೩ರ ಶರತ್ಕಾಲದಲ್ಲಿ ಹೆರಿಗೆಗಾಗಿ ದಂಪತಿಗಳು ಟೊರಾಂಟೋವಿಗೆ ಹೋದರು. ಅಕ್ಟೋಬರ್ ೧೦ರಂದು ಗಂಡುಮಗು ಹುಟ್ಟಿತು. ಜಾನ್ ಹ್ಯಾಡ್ಲಿ ನಿಕನೋರ್ ಎಂದು ಹೆಸರಿಟ್ಟರು. ಆ ಹೊತ್ತಿನಲ್ಲಿ ತಂದೆ ಪತ್ರಿಕೆಯ ಕೆಲಸ ಮುಗಿಸಿಕೊಂಡು ನ್ಯೂಯಾರ್ಕಿನಿಂದ ರೈಲಿನಲ್ಲಿ ಬರುತ್ತಿದ್ದನು. ಪತ್ರಿಕೆಯ ಚಾಕರಿ ಬರೆವಣಿಗೆಯನ್ನು ಕೊಲ್ಲುತ್ತದೆಂದು ಅವನಿಗೆ ಬೇಸರ ಹುಟ್ಟಿತು. ಆ ಸಂಬಳವನ್ನು ಬಿಟ್ಟು ೧೯೨೪ರ ಜನವರಿಯಲ್ಲಿ ಮೂವರೂ ಪ್ಯಾರಿಸ್ಸಿಗೆ ಹಿಂದಿರುಗಿದರು. ಎಳೆಯ ಕೂಸನ್ನು ಕಟ್ಟಿಕೊಂಡು, ಗಂಡನ ಸಂಬಳವನ್ನು ಕಳೆದುಕೊಂಡು, ಮತ್ತೆ ಪರದೇಶಕ್ಕೆ ಹೊರಡುವುದಕ್ಕೆ ಹ್ಯಾಡ್ಲಿ ಒಪ್ಪದಿದ್ದರೆ ಮುಂದಿನ ಕತೆ ಹೇಗಾಗುತ್ತಿತ್ತೋ ಹೇಳಲಾಗದು. ಆಕೆ ಒಪ್ಪಿದಳು. ಇದೇ ಸಮಯಕ್ಕೆ ನಂಬಿದವರೊಬ್ಬರ ಅವ್ಯವಹಾರದಿಂದ ಆಕೆಯ ಮೂಲಧನದ ಗಣನೀಯವಾದ ಭಾಗ ಕರಗಿಹೋಯಿತು. ಈ ಸಲ ಹಿಡಿದ ಮನೆ ನೋತ್ರ್ ದಾಮ್ ದೆ ಷಾಂ ಬೀದಿಯ ೧೧೩ನೆಯ ನಂಬರು. ಪಕ್ಕದಲ್ಲಿಯೇ ಮರ ಕೊಯ್ಯುವ ಕಾರ್ಖಾನೆ. ಗರಗಸದ ಸದ್ದು, ಮರದ ಹುಡಿ, ಅಳುವ ಮಗು. ಗದ್ದಲ ಹೆಚ್ಚಾದಾಗ ಹೆಮಿಂಗ್‌ವೇ ನೆರೆಯ ಕಾಫಿಯಂಗಡಿಗೆ ಹೋಗಿ ಬರೆಯುವನು. ಮಗುವಿನ ತಾಯಿಗೆ ಹೋಗಲು ಅಂಥ ಕಾಫಿಯಂಗಡಿಯಿರಲಿಲ್ಲ. ಅವನ ಶ್ರೇಷ್ಠವಾದ ಸಣ್ಣಕತೆಗಳಲ್ಲಿ ಹಲವು ಹುಟ್ಟಿದ್ದು ಈ ಮನೆಯಲ್ಲಿ ಸಂಸಾರ ನಡೆಯುತ್ತಿದ್ದಾಗಲೇ.

ಸ್ಪೇಯ್ನಿನ ಪಾಂಪ್ಲೋನಾ ನಗರದಲ್ಲಿ ಪ್ರತಿವರ್ಷ ಜುಲೈ ತಿಂಗಳಲ್ಲಿ ನಡೆಯುವ ಗೂಳಿಕಾಳಗದ ಉತ್ಸವಕ್ಕೆ ಈ ದಂಪತಿಗಳು ೧೯೨೩ರಿಂದ ಮೂರು ವರ್ಷ ಒಂದೇ ಸಮನೆ ಹೋದರು. ೧೯೨೫ರ ಉತ್ಸವದಲ್ಲಿ ಇವರ ಜೊತೆಗೆ ಡಫ್ ಟ್ವಿಸ್ಡನ್ ಎಂಬ ಆಂಗ್ಲ ಮಹಿಳೆಯೂ, ಹೆರಲ್ಡ್ ಲೋಬ್ ಮೊದಲಾದ ಗೆಳೆಯರೂ ಇದ್ದರು. ಆ ಗುಂಪಿನಲ್ಲಿ ಎದ್ದ ಅಸೂಯೆ, ಜಗಳಗಳೇ 'ದಿ ಸನ್ ಆಲ್ಸೋ ರೈಸಸ್' ಎಂಬ ಕಾದಂಬರಿಗೆ ವಸ್ತುವಾದುವು. ಆ ಉತ್ಸವದಲ್ಲಿ ಕಾಯತಾನೋ ಒರ್ದೋನ್ಯೆಸ್ ಎಂಬ ತರುಣ ಗೂಳಿಕಾಳಗದ ವೀರನು ತಾನು ಕೊಂದ ಗೂಳಿಯ ಕಿವಿಯನ್ನು ಗೌರವಪೂರ್ವಕವಾಗಿ ಹ್ಯಾಡ್ಲಿಗೆ ಅರ್ಪಿಸಿದನು. ಕಾದಂಬರಿಯಲ್ಲಿ ಆ ಕಿವಿ ಟ್ವಿಸ್ಡನಳನ್ನು ಹೋಲುವ ನಾಯಿಕೆಯ ಪಾಲಾಗುತ್ತದೆ. ಹ್ಯಾಡ್ಲಿಯನ್ನು ಹೋಲುವ ಪಾತ್ರವೇ ಅದರಲ್ಲಿಲ್ಲ. ಕಥಾನಾಯಕನಿಗೆ ಹೆಂಡತಿಯೂ ಇಲ್ಲ, ಮಗುವೂ ಇಲ್ಲ. ಕಲೆಗಾರನಿಗೆ ಬೇಕಾದುದನ್ನು ಇಟ್ಟುಕೊಳ್ಳುವ, ಬೇಡವಾದುದನ್ನು ಬಿಡುವ ಸ್ವಾತಂತ್ರ್ಯವುಂಟು, ಅದನ್ನು ಆಕ್ಷೇಪಿಸಲಾಗದು. ಆದರೂ ಅಲ್ಲಿದ್ದವರಲ್ಲಿ ಹೀಗೆ ಅಳಿಸಿಹೋದವಳು ಯಾರೆಂಬುದನ್ನು ನಾವು ತಿಳಿದಿರಬೇಕು.

ಅಷ್ಟರಲ್ಲಿ ಸಂಸಾರಕ್ಕೆ ಗಂಡಾಂತರ ಒದಗಿತ್ತು. ೧೯೨೫ರಲ್ಲಿ ಪಾಲೀನ್ ಫೈಫರ್ ಎಂಬಾಕೆ ಪರಿಚಿತಳಾದಳು. ಆಕೆಯೂ ಸೇಂಟ್ ಲೂಯಿಯಲ್ಲಿ ಬೆಳೆದವಳು, ಶ್ರೀಮಂತರ ಮಗಳು, 'ವೋಗ್' ಎಂಬ ಉಡುಪಿನ ಪತ್ರಿಕೆಯಲ್ಲಿ ಉದ್ಯೋಗದಲ್ಲಿದ್ದವಳು. ಮೊದಲು ಹ್ಯಾಡ್ಲಿಯ ಗೆಳತಿಯಾಗಿಯೇ ಮನೆಗೆ ಬರುತ್ತಿದ್ದಳು. ಆ ವರ್ಷದ ಕ್ರಿಸ್‌ಮಸ್ ಹಬ್ಬಕ್ಕೆ ಆಸ್ಟ್ರಿಯ ದೇಶದ ಷ್ರುನ್ಸ್ ಎಂಬ ಬೆಟ್ಟದೂರಿಗೂ ಇವರೊಡನೆ ಬಂದು ಉಳಿದಳು. ೧೯೨೬ರ ವಸಂತದಲ್ಲಿ ಪಾಲೀನಳೊಡನೆಯೂ ಆಕೆಯ ತಂಗಿಯೊಡನೆಯೂ ಪ್ರವಾಸ ಹೋಗಿದ್ದಾಗ ಹ್ಯಾಡ್ಲಿಗೆ ಸಂಗತಿ ತಿಳಿಯಿತು. ಗಂಡನನ್ನು ಕೇಳಿದಳು. ಅವನು ಮನಸ್ಸು ಬದಲಾದುದಕ್ಕಿಂತಲೂ ಆಕೆ ಅದನ್ನು ಬಾಯಿಬಿಟ್ಟು ಆಡಿದುದೇ ತಪ್ಪೆಂಬಂತೆ ಕೋಪಗೊಂಡನು.

ಆ ಬೇಸಗೆಯಲ್ಲಿ ಫ್ರಾನ್ಸಿನ ದಕ್ಷಿಣ ಕಡಲತೀರದಲ್ಲಿ ಮಗುವಿಗೆ ನಾಯಿಕೆಮ್ಮು ಬಂದು, ತಾಯಿಮಕ್ಕಳು ಇತರರಿಂದ ದೂರವಾಗಿ ಇರಬೇಕಾಯಿತು. ಹೆಮಿಂಗ್‌ವೇ ಸ್ಪೇಯ್ನಿನಿಂದ ಬಂದು ಸೇರಿದನು. ಪಾಲೀನಳೂ ಬಂದು ಅದೇ ಬಿಡಾರದಲ್ಲಿ ಇಳಿದುಕೊಂಡಳು. ಸುತ್ತಲೂ ಗೆಳೆಯರ ಬಳಗವಿತ್ತು: ಜೆರಲ್ಡ್ ಮರ್ಫಿ, ಸ್ಕಾಟ್ ಫಿಟ್ಸ್‌ಜೆರಲ್ಡ್, ಅವರ ಪತ್ನಿಯರು. ಬಂಧುಗಳಿರುವ ಊರಿನಲ್ಲಾಗಿದ್ದರೆ ಹಿರಿಯರು ಯಾರಾದರೂ ನಡುವೆ ಬಂದು ಮಾತನಾಡುತ್ತಿದ್ದರೇನೋ. ಪರದೇಶವಾಸಿಗಳ ಸಮಾಜದಲ್ಲಿ ಅಂಥ ಹಿರಿಯರಿಲ್ಲ. ಒಬ್ಬರ ಬಾಳನ್ನು ಇನ್ನೊಬ್ಬರು ಪ್ರಶ್ನಿಸಬಾರದೆಂಬುದೇ ಅಲ್ಲಿಯ ಧರ್ಮ. ಆ ಸ್ವಾತಂತ್ರ್ಯದ ಗಾಳಿಯಲ್ಲಿ ಹ್ಯಾಡ್ಲಿ ಅರಳಿದ್ದಳು. ಈಗ ಅದೇ ಗಾಳಿಯಲ್ಲಿ ಆಕೆಗೆ ಆಸರೆ ಇಲ್ಲವಾಯಿತು. ಆಗಸ್ಟ್ ತಿಂಗಳಲ್ಲಿ ಪ್ಯಾರಿಸ್ಸಿಗೆ ಹಿಂದಿರುಗಿದ ದಂಪತಿಗಳು ಬೇರೆಬೇರೆ ಮನೆಗಳಿಗೆ ಹೋದರು.

ಹ್ಯಾಡ್ಲಿಯ ಸ್ವಭಾವದ ನಿಜವಾದ ಬಲ ಕಾಣುವುದು ಇಲ್ಲಿ. ಆಕೆ ಕೂಗಾಡಲಿಲ್ಲ, ಹಟದಿಂದ ಕಟ್ಟಿಹಾಕಲೂ ಇಲ್ಲ. ನೂರು ದಿನಗಳ ಕಾಲ ಹೆಮಿಂಗ್‌ವೇಯೂ ಪಾಲೀನಳೂ ಒಬ್ಬರನ್ನೊಬ್ಬರು ಕಾಣಬಾರದು, ಅನಂತರವೂ ಅವರ ಮನಸ್ಸು ಹಾಗೆಯೇ ಇದ್ದರೆ ವಿಚ್ಛೇದನಕ್ಕೆ ಒಪ್ಪುತ್ತೇನೆ, ಎಂದು ನಿಬಂಧನೆ ಹಾಕಿದಳು. ಪಾಲೀನ್ ಅಮೆರಿಕಕ್ಕೆ ಹೊರಟುಹೋದಳು. ಅವಧಿ ಪೂರೈಸುವುದಕ್ಕೆ ಮೊದಲೇ, ನವೆಂಬರಿನಲ್ಲಿ, ಹ್ಯಾಡ್ಲಿ ಪತ್ರ ಬರೆದು ಆ ನಿಬಂಧನೆಯನ್ನು ತಾನಾಗಿಯೇ ತೆಗೆದುಹಾಕಿದಳು. ಇದನ್ನು ಸೋಲೆಂದು ಕೆಲವರು ಎಣಿಸುತ್ತಾರೆ. ಇನ್ನೊಬ್ಬರ ನಿರ್ಧಾರಕ್ಕಾಗಿ ಕಾದು ಕುಳಿತಿರುವ ಸ್ಥಿತಿಯಿಂದ ಆಕೆ ತನ್ನನ್ನು ತಾನೇ ಬಿಡಿಸಿಕೊಂಡಳೆಂದು ನನಗೆ ತೋರುತ್ತದೆ. ೧೯೨೭ರಲ್ಲಿ ವಿಚ್ಛೇದನವಾಯಿತು, ಅದೇ ಮೇ ತಿಂಗಳಲ್ಲಿ ಹೆಮಿಂಗ್‌ವೇ ಪಾಲೀನಳನ್ನು ವಿವಾಹವಾದನು. ೧೯೨೬ರ ಅಕ್ಟೋಬರಿನಲ್ಲಿ ಪ್ರಕಟವಾದ 'ದಿ ಸನ್ ಆಲ್ಸೋ ರೈಸಸ್' ಹ್ಯಾಡ್ಲಿಗೂ ಮಗನಿಗೂ ಅರ್ಪಿತವಾಗಿದೆ. ಅದರ ಗೌರವಧನವನ್ನೆಲ್ಲ ಅವನು ಹ್ಯಾಡ್ಲಿಗೆ ಬಿಟ್ಟುಕೊಟ್ಟನು. ತನಗೆ ಸ್ಥಳವೇ ಇಲ್ಲದ ಆ ಕಾದಂಬರಿ ಹೀಗೆ ಆಕೆಯ ಜೀವನೋಪಾಯಕ್ಕೆ ನೆರವಾಯಿತು.

ಇಲ್ಲಿಗೆ ಹ್ಯಾಡ್ಲಿಯ ಬಾಳು ಮುಗಿಯಿತೆಂಬಂತೆ ಅನೇಕ ಚರಿತ್ರಕಾರರು ಪುಟ ತಿರುಗಿಸುತ್ತಾರೆ. ಆಗ ಆಕೆಗೆ ೩೫ ವರ್ಷ. ಮುಂದೆ ಬದುಕಿದ್ದು ಇನ್ನೂ ಅರ್ಧ ಶತಮಾನಕ್ಕಿಂತ ಹೆಚ್ಚು. ಆಕೆ ಕೂಡಲೇ ತವರಿಗೆ ಓಡಿಹೋಗಲಿಲ್ಲ. ಫ್ರಾನ್ಸಿನಲ್ಲಿಯೇ ಮನೆ ಮಾಡಿಕೊಂಡು ಮಗನನ್ನು ಬೆಳೆಸಿದಳು. 'ಚಿಕಾಗೋ ಡೈಲಿ ನ್ಯೂಸ್' ಪತ್ರಿಕೆಯ ಬಾತ್ಮೀದಾರನಾಗಿದ್ದ ಪಾಲ್ ಸ್ಕಾಟ್ ಮೌರರ್ ಎಂಬಾತನ ಸ್ನೇಹ ೧೯೨೭ರಲ್ಲಿ ಆರಂಭವಾಯಿತು. ಸೌಮ್ಯನೂ ಕವಿಹೃದಯನೂ ಆದ ಈತ ವಿದೇಶದ ವರದಿಗಾಗಿ ೧೯೨೯ರಲ್ಲಿ ಪುಲಿಟ್ಜರ್ ಪಾರಿತೋಷಕವನ್ನು ಪಡೆದವನು. ೧೯೩೩ರ ಜುಲೈ ೩ರಂದು ಲಂಡನ್ನಿನಲ್ಲಿ ಇವರ ವಿವಾಹವಾಯಿತು. ಮರುವರ್ಷ ಅಮೆರಿಕಕ್ಕೆ ಹಿಂದಿರುಗಿದರು. ಈ ದಾಂಪತ್ಯ ೧೯೭೧ರಲ್ಲಿ ಮೌರರ್ ತೀರಿಕೊಳ್ಳುವವರೆಗೆ ನಡೆಯಿತು. ಹೆಮಿಂಗ್‌ವೇಯೊಡನೆ ಆಕೆ ದ್ವೇಷವನ್ನು ಸಾಧಿಸಲಿಲ್ಲ. ಮಗನ ದೆಸೆಯಿಂದ ಪತ್ರವ್ಯವಹಾರ ಉಳಿದುಕೊಂಡಿತು.

ಹೆಮಿಂಗ್‌ವೇ ೧೯೬೧ರ ಜುಲೈ ೨ರಂದು ಆತ್ಮಹತ್ಯೆ ಮಾಡಿಕೊಂಡನು. ಅದಕ್ಕೆ ಕೆಲವು ತಿಂಗಳು ಮುಂಚೆ ಹ್ಯಾಡ್ಲಿಗೆ ಟೆಲಿಫೋನು ಮಾಡಿ ಪ್ಯಾರಿಸ್ಸಿನ ಹಳೆಯ ದಿನಗಳ ಹೆಸರುಗಳನ್ನು ಕೇಳಿದ್ದನು. ಅವನು ಬರೆಯುತ್ತಿದ್ದುದು ಆ ದಿನಗಳ ಸ್ಮರಣೆಯನ್ನು. ೧೯೬೪ರಲ್ಲಿ, ಅವನ ಮರಣಾನಂತರ, 'ಎ ಮೂವಬಲ್ ಫೀಸ್ಟ್' ಎಂಬ ಹೆಸರಿನಿಂದ ಅದು ಪ್ರಕಟವಾಯಿತು. ನಾಲ್ಕನೆಯ ಪತ್ನಿ ಮೇರಿ ಅದನ್ನು ಸಂಪಾದಿಸಿದಳು. ಪಾಲೀನಳ ಮೊಮ್ಮಗ ಷಾನ್ ಹೆಮಿಂಗ್‌ವೇ ೨೦೦೯ರಲ್ಲಿ ಬೇರೊಂದು ಪಾಠವನ್ನು ಪ್ರಕಟಿಸಿದನು. ಮೊದಲನೆಯ ಸಂಸಾರವನ್ನು ಚಿತ್ರಿಸುವ ಪುಟಗಳನ್ನು ಎರಡನೆಯವಳ ಮೊಮ್ಮಗನೂ ನಾಲ್ಕನೆಯವಳೂ ತಿದ್ದಿ ಜೋಡಿಸಿದರು. ಆ ಗ್ರಂಥದಲ್ಲಿ ಹ್ಯಾಡ್ಲಿಯನ್ನು ಕುರಿತು ಇರುವ ಪ್ರೀತಿ ಕಪಟವೆಂದು ನಾನು ಹೇಳಲಾರೆ. ಆದರೆ ಅಲ್ಲಿ ಸಂಸಾರವನ್ನು ಕೆಡಿಸಿದ ದೋಷದ ಹೆಚ್ಚಿನ ಪಾಲು ಶ್ರೀಮಂತ ಗೆಳೆಯರ ತಲೆಗೆ ಬೀಳುತ್ತದೆ. ಆ ಸಂಸಾರವನ್ನು ನಡೆಸಿದ ನಿಧಿಯ ಲೆಕ್ಕ ಮಾತ್ರ ಓದುಗನ ಕಣ್ಣಿಗೆ ಬೀಳುವುದಿಲ್ಲ.

ಹ್ಯಾಡ್ಲಿ ತನ್ನ ಆತ್ಮಕಥೆಯನ್ನು ಬರೆಯಲಿಲ್ಲ. ಆದರೆ ಆಲಿಸ್ ಸೊಕೊಲಾಫ್ ಎಂಬ ಲೇಖಕಿಯೊಡನೆ ಮನಸ್ಸು ಬಿಚ್ಚಿ ಮಾತನಾಡಿದಳು. ಅದರಿಂದ ೧೯೭೩ರಲ್ಲಿ ಆಕೆಯ ಮೊದಲನೆಯ ಜೀವನಚರಿತ್ರೆ ಹೊರಬಂತು. ವಿವಾಹಕ್ಕೆ ಮುಂಚೆ ಆಕೆ ಬರೆದ ಪತ್ರಗಳು ಹೆಮಿಂಗ್‌ವೇಯ ಕಾಗದಪತ್ರಗಳೊಡನೆ ಬಾಸ್ಟನ್ ನಗರದ ಕೆನಡಿ ಗ್ರಂಥಾಲಯದಲ್ಲಿ ಉಳಿದಿವೆ. ಅವುಗಳನ್ನು ಬಳಸಿಕೊಂಡು ಜೋಯಾ ಡಿಲಿಬರ್ಟೋ ೧೯೯೨ರಲ್ಲಿ ಇನ್ನೊಂದು ಚರಿತ್ರೆಯನ್ನು ಬರೆದಳು. ೧೯೭೯ರ ಜನವರಿ ೨೨ರಂದು, ೮೭ನೆಯ ವಯಸ್ಸಿನಲ್ಲಿ, ಹ್ಯಾಡ್ಲಿ ಫ್ಲಾರಿಡಾ ಪ್ರಾಂತದಲ್ಲಿ ತೀರಿಕೊಂಡಳು. ೨೦೧೧ರಲ್ಲಿ ಪೌಲಾ ಮೆಕ್ಲೇನ್ ಎಂಬ ಕಾದಂಬರಿಗಾರ್ತಿ ಆಕೆಯ ಬಾಯಿಂದಲೇ ಕತೆ ಹೇಳಿಸಿದಂತೆ 'ದಿ ಪ್ಯಾರಿಸ್ ವೈಫ್' ಎಂಬ ಗ್ರಂಥವನ್ನು ರಚಿಸಿದ ಮೇಲೆ ಆಕೆಯ ಹೆಸರು ಮತ್ತೆ ಜನಜನಿತವಾಯಿತು.

ಮುಗಿಸುವ ಮುನ್ನ ಒಂದು ಚಿತ್ರಪಟದ ವಿಷಯ. ಸ್ಪೇಯ್ನಿನ ಕಲಾವಿದ ಜೋನ್ ಮಿರೋ ೧೯೨೧-೨೨ರಲ್ಲಿ ಬರೆದ 'ದಿ ಫಾರ್ಮ್' ಎಂಬ ಚಿತ್ರವನ್ನು ಹೆಮಿಂಗ್‌ವೇ ೧೯೨೫ರಲ್ಲಿ ಐದು ಸಾವಿ‌ರ ಫ್ರಾಂಕುಗಳಿಗೆ ಕೊಂಡು ಹ್ಯಾಡ್ಲಿಯ ಹುಟ್ಟುಹಬ್ಬಕ್ಕೆ ಉಡುಗೊರೆಯಾಗಿ ಕೊಟ್ಟನು. ಬೇರೆಯಾದಾಗ ಅದು ಆಕೆಯ ಪಾಲಿಗೆ ಬಂತು. ಕೆಲವು ವರ್ಷಗಳ ತರುವಾಯ ಸ್ವಲ್ಪ ಕಾಲಕ್ಕೆಂದು ಕೇಳಿ ಅವನು ಅದನ್ನು ಎರವಲು ಪಡೆದನು, ಮತ್ತೆ ಹಿಂದಿರುಗಿಸಲಿಲ್ಲ. ಇಂದು ಅದು ವಾಷಿಂಗ್‌ಟನ್ನಿನ ರಾಷ್ಟ್ರೀಯ ಕಲಾಶಾಲೆಯಲ್ಲಿದೆ. ಅದನ್ನು ೧೯೮೭ರಲ್ಲಿ ಪಡೆದುಕೊಂಡ ಆ ಸಂಸ್ಥೆಯ ದಾಖಲೆ, ಅದು ಮೇರಿ ಹೆಮಿಂಗ್‌ವೇಯ ಕೊಡುಗೆಯೆಂದು ಹೇಳುತ್ತದೆ. 

ಸಾಹಿತ್ಯದ ಚರಿತ್ರೆಯಲ್ಲಿಯೂ ಇಂಥ ದಾಖಲೆಗಳು ಅನೇಕ. ಕೃತಿಯ ಯಶಸ್ಸು ಕರ್ತೃವಿನದು, ಅದರಲ್ಲಿ ವಿವಾದವಿಲ್ಲ. ಹೆಮಿಂಗ್‌ವೇಯ ಪ್ರತಿಭೆಯನ್ನು ಹ್ಯಾಡ್ಲಿ ಕೊಡಲಿಲ್ಲ, ಯಾರೂ ಕೊಡುವಂತಿರಲಿಲ್ಲ. ಆ ಪ್ರತಿಭೆ ಹಣ್ಣಾಗುವುದಕ್ಕೆ ಬೇಕಾಗಿದ್ದ ಐದು ವರ್ಷಗಳ ಅವಕಾಶವನ್ನೂ ನಂಬಿಕೆಯನ್ನೂ ಆಕೆ ಕೊಟ್ಟಳು. ಕೊಟ್ಟುದನ್ನು ಎಂದೂ ಎತ್ತಿ ಆಡಲಿಲ್ಲ. ಆ ಕಾಲದ ಕತೆಗಳನ್ನು ನಾವು ಇನ್ನು ಮುಂದೆ ಓದುವಾಗ, ಕೆಳಗಿನ ನೃತ್ಯಶಾಲೆಯ ಗದ್ದಲದ ನಡುವೆ ಬಾಡಿಗೆಯ ಪಿಯಾನೋವನ್ನು ನುಡಿಸುತ್ತಿದ್ದ ಆ ಹೆಣ್ಣುಮಗಳಿಗೆ ಸಲ್ಲಬೇಕಾದ ಋಣವನ್ನು ನೆನೆದರೆ ಲೆಕ್ಕ ಸರಿಹೋಗುತ್ತದೆ.